ಕೊರಳು ಚಾಚಿದ ಮೋಟಾರ್‌ಸೈಕಲ್ಲು

ಎರೆಮಣ್ಣಿನ ಊರಿನವರಿಗೆ ಮಳೆಗಾಲದ ಹಾದಿಯ ಸುಖ ಗೊತ್ತೇ ಇದೆ. ನಡೆದು ಹೊರಟರೆ ಒಂದೊಂದು ಕಾಲಿಗೂ ಬೀಸುಕಲ್ಲಿನಷ್ಟು ಮಣ್ಣು ಅಂಟುತ್ತದೆ. ಚಪ್ಪಲಿಯನ್ನು ಕೈಯಲ್ಲಿ ಹಿಡಿಯಬೇಕು, ಸೈಕಲ್ಲನ್ನು ಹೆಗಲ ಮೇಲೆ ಹೊರಬೇಕು. ಯರಗುಪ್ಪಿಯ ಮಡಿವಾಳೆಪ್ಪ ಮೋಟಾರ್‌ಸೈಕಲ್ಲು ತಂದ ಮೊದಲ ಮಳೆಗಾಲದಲ್ಲಿ ಇದೇ ಆಯಿತು. ಸಂಶಿಯ ದೊಡ್ಡ ರಸ್ತೆ ಬಿಟ್ಟು ಊರ ಹಾದಿಗೆ ಇಳಿದನೋ ಇಲ್ಲವೋ, ಮುಂದಿನ ಗಾಲಿಗೂ ಅದರ ಮೇಲಿನ ಮಡ್‌ಗಾರ್ಡಿಗೂ ನಡುವೆ ಎರೆ ತುಂಬಿಕೊಂಡು ಗಾಲಿ ಗಪ್ಪನೆ ನಿಂತಿತು. ತೊಗರಿಕಟ್ಟಿಗೆಯಿಂದ ಕೆದರಿದ, ನಾಲ್ಕು ಮಾರು ಹೋದ, ಮತ್ತೆ ಕೆದರಿದ. ಊರು ಮುಟ್ಟುವ ಹೊತ್ತಿಗೆ ಅವನ ಮೈಯೆಲ್ಲ ಮಣ್ಣು.

ಕಟ್ಟೆಯ ಮೇಲೆ ಕುಳಿತಿದ್ದ ಶಂಭುಲಿಂಗಪ್ಪ ಕಾಕಾ ಕೇಳಿದ: "ಏನಪಾ ಮಡಿವಾಳಾ, ನೀ ಅದರ ಮ್ಯಾಲೆ ಬಂದ್ಯೋ, ಅದು ನಿನ್ನ ಮ್ಯಾಲೆ ಬಂತೋ?"

ಕಟ್ಟೆಯ ಮಂದಿ ನಕ್ಕಿತು. ಆ ನಗೆ ಮಡಿವಾಳೆಪ್ಪನ ಮೈಗೆ ಎರೆಗಿಂತ ಗಟ್ಟಿಯಾಗಿ ಅಂಟಿಕೊಂಡಿತು.

ಮರುದಿನವೇ ಅವನು ಸಂಶಿಯ ಹನಮಂತಪ್ಪನ ಕುಲುಮೆಗೆ ಹೋದ. ಹನಮಂತಪ್ಪ ನೆಲ ಉಳುವ ರಂಟೆ, ಕುಂಟೆ, ಚಕ್ಕಡಿಯ ಹಳಿ ಎಲ್ಲದರಲ್ಲೂ ಪಳಗಿದ ಕೈ. ಆಗಷ್ಟೇ ಗ್ಯಾಸ್ ವೆಲ್ಡಿಂಗಿನ ಸಾಮಾನನ್ನೂ ತಂದಿಟ್ಟಿದ್ದ. ಮೋಟಾರ್‌ಸೈಕಲ್ಲಿನ ಸುತ್ತ ಒಂದು ಸುತ್ತು ಹಾಕಿ ಹೇಳಿದ:

"ಗಾಲಿ ಮುಂದಕ್ಕ ಸರಿಸಿದ್ರ ಮಣ್ಣಿಗೆ ಜಾಗಾ ಸಿಗತೈತಿ ನೋಡ್ರಿ."

"ಸರಸಾಕ ಬರತೈತೇನು?"

"ಯಾಕ ಬರೂದಿಲ್ಲ? ರಂಟಿ ಆಳಕ್ಕ ಇಳೀವಲ್ದು ಅಂದ್ರ ನೀವೇನ ಮಾಡತೀರಿ? ಬೆಣೆ ಬಡದು ಓರೆ ಮಾಡತೀರಿ. ಇದೂ ಹಂಗ ರೀ. ಅದು ಕಟಗಿ, ಇದು ಕಬ್ಬಣ. ಅಷ್ಟ ಫರಕ."

ಮಡಿವಾಳೆಪ್ಪನಿಗೆ ಮಾತು ಸರಿ ಎನಿಸಿತು. ಹುಟ್ಟಿದಾಗಿನಿಂದ ರಂಟೆಯ ಓರೆ ನೋಡಿದವನು ಅವನು. ಬೆಣೆ ಒಂದು ಬೆರಳು ಒಳಗೆ ಹೋದರೆ ನೆಲ ಎಷ್ಟು ಏಳುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲ. ಹ್ಯಾಂಡಲ್ಲು ತಿರುಗುವ ದಪ್ಪ ಕೊಳವೆ ಗಾಡಿಯ ಮುಂಭಾಗದಲ್ಲಿ ಇರುತ್ತದಲ್ಲ, ಮಂದಿ ಅದನ್ನು ಗಾಡಿಯ ಕೊರಳು ಎನ್ನುತ್ತಾರೆ. ಹನಮಂತಪ್ಪ ಆ ಕೊರಳನ್ನು ಕೊಯ್ದ. ಮುಂದಕ್ಕೆ ಓರೆ ಮಾಡಿ ಬೆಸೆದ. ಗಾಲಿ ಹಿಡಿಯುವ ಎರಡು ಕಾಲುಗಳಿಗೂ ಉದ್ದದ ಪೈಪು ಹಾಕಿದ; ಮಡ್‌ಗಾರ್ಡು ಮೇಲೇ ಉಳಿದು ನಡುವೆ ಜಾಗವಾಯಿತು. ಸಂಜೆ ಗಾಡಿ ಹೊರಗೆ ಬಂದಾಗ ಅದರ ಮುಂದಿನ ಗಾಲಿ ಎಲ್ಲೋ ದೂರ ಹೋಗಿ ನಿಂತಿತ್ತು. ಹೊಂಡದ ದಂಡೆಯಲ್ಲಿ ಮೀನಿಗಾಗಿ ಕೊರಳು ಚಾಚಿದ ಕೊಕ್ಕರೆಯ ಹಾಗೆ.

ಸಂಶಿಯ ರಸ್ತೆಯಲ್ಲಿ ಅದನ್ನು ಓಡಿಸಿದಾಗ ಮಡಿವಾಳೆಪ್ಪ ಖುಷಿಯಿಂದ ಒಬ್ಬನೇ ನಕ್ಕ. ಗಾಡಿ ಹಗ್ಗ ಹಿಡಿದು ಎಳೆದ ಹಾಗೆ ನೆಟ್ಟಗೆ ಹೋಯಿತು. ಜೋರು ಹೆಚ್ಚಿದಷ್ಟೂ ಗಟ್ಟಿಯಾಗಿ ನಿಂತಿತು. ಕೈ ಬಿಟ್ಟು ನೋಡಿದ. ಆಗಲೂ ನೆಟ್ಟಗೆ. ಕೊರಳು ಓರೆ ಮಾಡುವ ಮೊದಲು ಹೀಗಿರಲಿಲ್ಲ.

ಊರ ಓಣಿಗೆ ಬಂದು ಹನಮಪ್ಪನ ಗುಡಿಯ ಮೂಲೆಯಲ್ಲಿ ಮೆಲ್ಲಗೆ ತಿರುಗಿಸಿದ. ಧಪ್ಪೆಂದು ಬಿದ್ದ.

"ರಾಡಿ ಐತಲ್ಲ, ಜಾರಿತು" ಎಂದು ಎದ್ದು ಮೈ ಒರೆಸಿಕೊಂಡ. ಮಳೆಗಾಲ ಮುಗಿಯುವವರೆಗೆ ಬಿದ್ದದ್ದಕ್ಕೆಲ್ಲ ಅದೇ ಲೆಕ್ಕ. ತಪ್ಪು ಎರೆಯದು.

ಆದರೆ ಮಳೆ ನಿಂತಿತು. ಹಾದಿ ಒಣಗಿ ಕಲ್ಲಾಯಿತು. ಹಿಂಗಾರಿಯ ಜೋಳ ಕೊಯ್ಲಿಗೆ ಬಂದಿತು. ಮಡಿವಾಳೆಪ್ಪ ಮಾತ್ರ ಬೀಳುತ್ತಲೇ ಇದ್ದ. ಹಿಟ್ಟಿನ ಗಿರಣಿಯ ಮುಂದೆ ಬಿದ್ದ. ತನ್ನ ಹಿತ್ತಲಲ್ಲಿ ಗಾಡಿ ಹೊರಳಿಸಲು ಹೋಗಿ ಬಣವೆಯ ಮೇಲೆ ಬಿದ್ದ. ಶಂಭುಲಿಂಗಪ್ಪ ಕಾಕಾನ ಕಟ್ಟೆಯ ಎದುರಿಗಂತೂ ಬೀಳದ ವಾರವಿಲ್ಲ.

ಅವನಿಗೆ ತಿಳಿಯದ್ದು ಇದೇ. ಜೋರಾಗಿ ಹೋದರೆ ಬೀಳಬೇಕು, ಮೆಲ್ಲಗೆ ಹೋದರೆ ಉಳಿಯಬೇಕು; ಎಲ್ಲ ಕಡೆ ನಡೆಯುವುದು ಹಾಗೆ. ಇವನ ಗಾಡಿ ಜೋರಾಗಿ ಹೋದರೆ ದೇವರಂಥದು, ಮೆಲ್ಲಗೆ ಹೋದರೆ ದೆವ್ವದಂಥದು. ಒಂದೇ ಗಾಡಿ ಮೊದಲಿಗಿಂತ ಚಲೋ ಆಗುವುದೂ ಮೊದಲಿಗಿಂತ ಕೆಡುವುದೂ ಹೇಗೆ? ಗಿರಣಿಯವನು ಗಾಲಿಗೆ ಗಾಳಿ ಕಡಿಮೆಯಾಗಿದೆ ಎಂದ. ತುಂಬಿಸಿದ. ಬಿದ್ದ. ಇನ್ನೊಬ್ಬ ಗಾಳಿ ಹೆಚ್ಚಾಗಿದೆ ಎಂದ. ಬಿಟ್ಟ. ಬಿದ್ದ. "ಊರ ಕಣ್ಣ ತಾಗೇತಿ, ನಿಂಬಿಹಣ್ಣ ಕಟ್ಟು" ಎಂದ ಶಂಭುಲಿಂಗಪ್ಪ ಕಾಕಾ. ಕಟ್ಟಿದ. ಮುಂದಿನ ಸಲ ಬಿದ್ದಾಗ ನಿಂಬೆಹಣ್ಣು ಹ್ಯಾಂಡಲ್ಲಿನ ಅಡಿಗೆ ಸಿಕ್ಕು ಅಪ್ಪಚ್ಚಿಯಾಯಿತು. ಹನಮಂತಪ್ಪನನ್ನು ಕೇಳಿದರೆ, "ಗಾಡಿ ಚಲೋನ ಐತ್ರಿ, ನಿಮಗ ಇನ್ನೂ ಕೈ ಕುಂತಿಲ್ಲ" ಎಂದ. ಕಡೆಗೆ ಮಡಿವಾಳೆಪ್ಪನಿಗೆ ತನ್ನ ಕೈಯ ಮೇಲೆಯೇ ಅನುಮಾನ ಬಂತು. ಊಟಕ್ಕೆ ಕುಳಿತಾಗ ಕೈ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ.

ಅಷ್ಟರಲ್ಲಿ ಅವನ ತಾಯಿ ಗುರವ್ವನ ಕಣ್ಣಿನ ಆಪರೇಷನ್ ಕೂಡಿಬಂದಿತು.

ಗುರವ್ವನ ಎಡಗಣ್ಣು ಹಿಂದೆಯೇ ಹೋಗಿತ್ತು. ಬಲಗಣ್ಣಿಗೆ ಪೊರೆ ಬಂದು, ಮಗನನ್ನು ದನಿಯಿಂದಲೇ ಗುರುತಿಸುವ ಹಾಗಾಗಿತ್ತು. ಕುಂದಗೋಳದ ಶಾಲೆಯೊಂದರಲ್ಲಿ ಕಣ್ಣಿನ ಕ್ಯಾಂಪು ಬಂದಾಗ ಅಲ್ಲಿ ಅವಳ ಆಪರೇಷನ್ ಆಯಿತು. ಪೊರೆ ತೆಗೆದು ಪಟ್ಟಿ ಕಟ್ಟಿದ್ದರು. ಡಾಕ್ಟರು ಮಡಿವಾಳೆಪ್ಪನನ್ನು ಬಳಿಗೆ ಕರೆದು, "ನಾಡಿದ್ದು ಮನೆಗೆ ಕರೆದುಕೊಂಡು ಹೋಗಿ. ತಲೆಗೆ ಪೆಟ್ಟಾಗಬಾರದು. ಜೋಲಿ ಹೊಡೆಯಬಾರದು. ಬಿದ್ದರಂತೂ ಈ ಕಣ್ಣು ಉಳಿಯುವ ಮಾತೇ ಇಲ್ಲ" ಎಂದು ಬಿಡಿಸಿ ಹೇಳಿದ್ದರು.

ಮಡಿವಾಳೆಪ್ಪ ಮನೆಗೆ ಬಂದವನೇ ಹೆಂಡತಿಗೆ ಹೇಳಿದ: "ಚಕ್ಕಡಿ ಅಂದ್ರ ಒಣಾ ಹಾದ್ಯಾಗ ಕುಲುಕತೈತಿ. ಬಸ್ಸಿನ್ಯಾಗ ಮಂದಿ ನೂಕತಾರ. ಮೋಟಾರ್‌ಸೈಕಲ್ ಮ್ಯಾಲೆ ಕರಕೊಂಡ ಬರತೇನಿ. ಸಂಶಿ ರೋಡಿನ್ಯಾಗ ಬೆಣ್ಣಿ ಮ್ಯಾಲೆ ಹೋದಂಗ ಹೋಗತೈತಿ."

ಸಾವಿತ್ರೆವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಸಂಶಿ ರೋಡಿನ್ಯಾಗೇನು ನಮ್ಮನಿ ಐತೇನ್ರಿ? ರೋಡ ಬಿಟ್ಟ ಮ್ಯಾಲೆ ಊರಿಲ್ಲ? ಓಣಿ ಇಲ್ಲ? ಗುಡಿ ಮೂಲಿ ಇಲ್ಲ?"

"ಹಗೂರಕ ಬರತೇನಿ."

"ಹಗೂರಕ ಬಂದಾಗಲ ನೀವು ಬೀಳೂದು!"

ಮಡಿವಾಳೆಪ್ಪನಿಗೆ ಸಿಟ್ಟು ಬಂತು. "ನಮ್ಮವ್ವನ ಕಣ್ಣಿನ ಕಾಳಜಿ ನನಗಿಲ್ಲೇನು?" ಎಂದು ಎದ್ದು ಹೋದ. ಹೋಗಿ ಗಾಡಿಯ ಮುಂದೆ ಕುಳಿತ. ಅದನ್ನು ನೋಡಿದ. ತನ್ನ ಕೈ ನೋಡಿಕೊಂಡ. ಏನೂ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ವೆಂಕಣ್ಣ ಬಂದ. ಸಂಶಿಯ ದನದ ದವಾಖಾನೆಯಲ್ಲಿ ನೌಕರಿ, ಸರಕಾರದ ಮೋಟಾರ್‌ಸೈಕಲ್ಲಿನ ಮೇಲೆ ಹಳ್ಳಿ ಹಳ್ಳಿ ತಿರುಗುವವನು. ಅವನೂ ಮಡಿವಾಳೆಪ್ಪನೂ ಒಂದೇ ಶಾಲೆಯಲ್ಲಿ ಓದಿದವರು. ವೆಂಕಣ್ಣನ ಅಣ್ಣನದು ಹುಬ್ಬಳ್ಳಿಯಲ್ಲಿ ಮೋಟಾರ್‌ಸೈಕಲ್ ಗ್ಯಾರೇಜು. ಮುಂದಿನ ಓದಿಗೆ ಹುಬ್ಬಳ್ಳಿಗೆ ಹೋದಾಗ ವೆಂಕಣ್ಣ ಆ ಗ್ಯಾರೇಜಿನ ಮಾಳಿಗೆಯಲ್ಲೇ ಇದ್ದವನು. ಮನೆಯ ಮಗ್ಗುಲ ಕಣದಲ್ಲಿ ಕಟ್ಟಿದ್ದ ಎತ್ತಿನ ಹೆಗಲ ಹುಣ್ಣು ತೊಳೆಯುತ್ತ ಅವನು ಕೇಳಿದ:

"ಎತ್ತಿನ ಹುಣ್ಣು ಆರಲಿಕ್ಕೆ ಬಂದದ. ನಿನ್ನ ಮೊಣಕಾಲಿಗೆ ಏನಾಗೇದೋ ಮಡಿವಾಳಾ?"

ಸಾವಿತ್ರೆವ್ವ ಚಹಾ ತಂದವಳು ಬಿಟ್ಟಾಳೇ? "ಅದಕ್ಕೂ ಒಂದೀಟು ಮುಲಾಮ ಹಚ್ಚ್ರಿ ವೆಂಕಣ್ಣಾರ. ನಮ್ಮನ್ಯಾಗ ದನಾ ಮನಷ್ಯಾ ಎಲ್ಲಾ ಒಂದ ಆಗೇತಿ."

"ನೀವಿಬ್ಬರೂ ನಗಬ್ಯಾಡ್ರಿ" ಎಂದ ಮಡಿವಾಳೆಪ್ಪ. "ನನಗ ತಲೀನ ಕೆಟ್ಟ ಹೋಗೇತಿ. ಜೋರ ಹೊಡದ್ರ ನೆಟ್ಟಗ ಹೋಗತೈತಿ. ಹಗೂರಕ ಹೊಡದ್ರ ಬೀಳತೈತಿ. ಇದಕ್ಕೇನರ ಅರ್ಥ ಐತೇನೋ ವೆಂಕಣ್ಣಾ? ನನ್ನ ಕೈ ಕೆಟ್ಟೈತೋ, ಗಾಡಿ ಕೆಟ್ಟೈತೋ, ಅದೊಂದ ಹೇಳಿಬಿಡು. ನಾಳೆ ಅವ್ವನ್ನ ಕರಕೊಂಡ ಬರಬೇಕು."

ವೆಂಕಣ್ಣ ಕೈ ಒರೆಸಿಕೊಂಡು ಬಂದು ಗಾಡಿಯನ್ನು ನೋಡಿದ. ಬೆಸೆದ ಕೊರಳಿನ ಮೇಲೆ ಬೆರಳಾಡಿಸಿದ. ನಗಲಿಲ್ಲ.

"ಮ್ಯಾಲೆ ಕೂಡು. ಗಾಡಿ ಚಾಲೂ ಮಾಡಬ್ಯಾಡ. ಎರಡೂ ಕಾಲು ನೆಲಕ್ಕ ಊರು. ಹ್ಯಾಂಡಲ್ ನೆಟ್ಟಗ ಹಿಡಿ. ಈಗ ಒಂದಿಷ್ಟೇ ಎಡಕ್ಕ ತಿರುವಿ ಕೈ ಬಿಡು."

ಮಡಿವಾಳೆಪ್ಪ ತುಸುವೇ ತಿರುಗಿಸಿ ಕೈ ಬಿಟ್ಟ. ಹ್ಯಾಂಡಲ್ಲು ತಾನಾಗಿಯೇ ಧಡ್ಡನೆ ಎಡಗಡೆಯ ತುದಿಯವರೆಗೂ ಹೋಗಿ ಬಿತ್ತು. ಗಾಡಿಯ ಮುಂಭಾಗ ಮೊಣಕಾಲೂರಿದ ಎತ್ತಿನ ಹಾಗೆ ತಗ್ಗಿತು.

"ಅಯ್ಯ, ದೀಪಾನ ಕೆಳಗ ಇಳೀತಲ್ಲ!" ಎಂದಳು ಸಾವಿತ್ರೆವ್ವ.

"ಸರಿಯಾಗಿ ನೋಡಿದ್ರಿ" ಎಂದ ವೆಂಕಣ್ಣ. "ಈಗ ನನ್ನ ಗಾಡಿ ಮ್ಯಾಲೆ ಕೂತು ಹಂಗ ಮಾಡು."

ವೆಂಕಣ್ಣನ ಗಾಡಿಯ ಹ್ಯಾಂಡಲ್ಲು ತುಸು ಜಾರಿತು, ಅಷ್ಟೇ. ಬೆರಳಿನಿಂದ ತಡೆದರೆ ನಿಂತಿತು.

ವೆಂಕಣ್ಣ ಒಂದು ನೆಟ್ಟನೆಯ ಕೋಲು ತಂದ. ಮೊದಲು ತನ್ನ ಗಾಡಿಯ ಪಕ್ಕ ಕುಳಿತು, ಹ್ಯಾಂಡಲ್ಲು ತಿರುಗುವ ಕೊಳವೆ ಎತ್ತ ವಾಲಿದೆಯೋ ಅತ್ತಲೇ ಕೋಲನ್ನು ಓರೆ ಹಿಡಿದ. ಕೋಲಿನ ತುದಿ ಸಾರಿಸಿದ ಕಣಕ್ಕೆ ಮುಟ್ಟಿದಲ್ಲಿ ಇದ್ದಲಿಯಿಂದ ಗುರುತು ಮಾಡಿದ. ಗಾಲಿ ನೆಲ ಮುಟ್ಟಿದ ಜಾಗ ಆ ಗುರುತಿಗಿಂತ ಹಿಂದಿತ್ತು. ಅಲ್ಲಿ ಇನ್ನೊಂದು ಗುರುತು ಮಾಡಿದ. ಎರಡರ ನಡುವೆ ಒಂದು ಮುಷ್ಟಿಯಷ್ಟು ಜಾಗ. ಮಡಿವಾಳೆಪ್ಪನ ಗಾಡಿಗೂ ಹಾಗೆಯೇ ಮಾಡಿದ. ಇಲ್ಲಿ ಗೇಣು ಇಟ್ಟರೂ ಸಾಲಲಿಲ್ಲ.

"ಈ ಜಾಗಾ ನೋಡು. ಎಲ್ಲಾ ಇದರಾಗ ಅದ" ಎಂದ ವೆಂಕಣ್ಣ. "ಕರುವಿಗೆ ಹಗ್ಗ ಕಟ್ಟಿ ಮುಂದಿಂದ ಎಳದ್ರ ಅದು ನಿನ್ನ ಹಿಂದ ನೆಟ್ಟಗ ಬರತದ, ಹೌದಲ್ಲ? ಗಾಲೀನೂ ಹಂಗ. ಮುಂದಿನ ಗುರುತು ಎಳೀತದ, ಗಾಲಿ ಅದರ ಹಿಂದ ಬರತದ. ಅದಕ್ಕ ಗಾಡಿ ನೆಟ್ಟಗ ಹೋಗೂದು. ನೀವು ಕೊರಳ ಓರೆ ಮಾಡಿ ಈ ಜಾಗಾ ಹೆಚ್ಚಿಗಿ ಮಾಡಿದ್ರಿ. ಜೋರ ಹೊಂಟಾಗ ಇನ್ನೂ ಗಟ್ಟಿ ನೆಟ್ಟಗ ಹೋತು. ನಿನಗ ಭಾಳ ಖುಷಿ ಆತು."

"ಆತು. ಖರೇನ ಆತು."

"ಹಗೂರಕ ಹೋಗುವಾಗ ಎಳೆಯೋ ಜೋರು ಇರೂದಿಲ್ಲ. ಭಾರ ಅಷ್ಟ ಇರತದ. ನೀ ಒಂದಿಷ್ಟು ಹೊಳ್ಳಿಸಿದಿ ಅಂದ್ರ ಗಾಡೀ ಭಾರೆಲ್ಲಾ ಮುಂದ ಕುಸದು, ಗಾಲೀನ್ನ ಇನ್ನಷ್ಟು ಬಾಜೂಕ ದೂಡತದ. ನೀ ಒಂದಾಣೆ ತಿರುವಿದ್ರ ಅದು ತಾನ ನಾಕಾಣೆ ತಿರಗತದ. ಮ್ಯಾಲೆ ಗಾಡಿ ಉದ್ದ ಆಗೇದ. ಸಣ್ಣ ಓಣ್ಯಾಗ ಹೊಳ್ಳಂಗಿಲ್ಲ. ಕಾಲಿನ ಪೈಪು ಮಲಗ್ಯಾವ, ಒಳಗಿನ ಸ್ಪ್ರಿಂಗು ತಗ್ಗಿನ ಪೆಟ್ಟು ನುಂಗೂದಿಲ್ಲ. ಅದು ನಿನ್ನ ರಟ್ಟಿಗೆ, ಹಿಂದ ಕೂತವರ ತಲಿಗೆ ಬರತದ."

ಮಡಿವಾಳೆಪ್ಪ ಎರಡೂ ಗುರುತುಗಳನ್ನು ಬಗ್ಗಿ ನೋಡಿದ. ಎದ್ದು ನಿಂತು ನೋಡಿದ. ಆಮೇಲೆ ಮುಖ ಅರಳಿಸಿ ಹೇಳಿದ: "ಹಂಗಾರ ಈ ಜಾಗಾನ ಇರಬಾರದು. ಹನಮಂತಪ್ಪಗ ಹೇಳಿ ಕೊರಳ ಅಗದಿ ನೆಟ್ಟಗ, ಗ್ವಾಡಿ ನಿಂತಂಗ ನಿಂದರಸೂಣು!"

"ಮತ್ತ ಅಲ್ಲೇ ಬಂದಿ ನೋಡು!" ವೆಂಕಣ್ಣ ಹಣೆ ಹಣೆ ಬಡಿದುಕೊಂಡ. "ಲೇ, ಆ ಜಾಗಾ ಭಾಳ ಕಡಿಮಿ ಆದ್ರ ಓಣ್ಯಾಗ ಹಗೂರ ಆಗತದ, ರೋಡಿನ್ಯಾಗ ಜೋರ ಹೋಗುವಾಗ ಹ್ಯಾಂಡಲ್ ಥರಥರಾ ನಡಗತದ. ಓಣ್ಯಾಗ ಬಿದ್ರ ಮೊಣಕಾಲ ಹೋಗತದ. ಅಲ್ಲಿ ಬಿದ್ರ ಜೀವಾ ಹೋಗತದ. ಓಣಿಗೂ ನಡೀಬೇಕು, ರೋಡಿಗೂ ನಡೀಬೇಕು ಅಂತ ತೂಗಿ ನೋಡಿ ಕಂಪನಿಯವರು ಒಂದು ಓರೆ ಇಟ್ಟಾರ. ಅದನ್ನ ಮುಟ್ಟಬಾರದು."

"ರಂಟಿಗೆ ಬೆಣೆ ಬಡೀತೇವಲ್ಲೋ ನಾವು?"

"ಬಡೀತೀ. ಬಡದು ಏನ ಮಾಡತೀ? ಒಂದು ಸಾಲ ಹೊಡದು ನೋಡತೀ. ಸರಿ ಇಲ್ಲಂದ್ರ ಬೆಣೆ ತಗೀತೀ. ಇದರ ಕೊರಳ ಕೊಯ್ದೀರಿ. ಯಾವ ಬೆಣೆ ತಗೀತೀ ಈಗ?"

ಮಡಿವಾಳೆಪ್ಪ ಬೆಸೆದ ಕೊರಳನ್ನು ಮುಟ್ಟಿ ನೋಡಿದ. "ನೀ ಹೇಳೂದು ತಿಳೀತು" ಎಂದ. ಮತ್ತೆ, "ತಿಳೀಲಿಲ್ಲ" ಎಂದ. "ಕೋಲಿನ ಮಾತು ಕೋಲಿಗೆ ಸರಿ. ಸಂಶಿ ರೋಡಿನ್ಯಾಗ ಅಷ್ಟು ಚಲೋ ಹೋಗೂ ಗಾಡಿ ನಮ್ಮವ್ವನ್ನ ಕೆಡವತೈತಿ ಅಂದ್ರ ನನ್ನ ಮನಸು ಒಪ್ಪವಲ್ದು. ನಾಳೆ ನಾ ಭಾಳ ಸಂಬಾಳಿಸಿ ಬರತೇನಿ."

ಆಗ ಸಾವಿತ್ರೆವ್ವ ಮಾತಾಡಿದಳು. "ಕೋಲೂ ಬ್ಯಾಡ, ಮಾತೂ ಬ್ಯಾಡ. ಅಲ್ಲೆ ಜ್ವಾಳದ ಚೀಲ ಐತಿ. ಅತ್ತಿ ಅದಕ್ಕಿಂತ ಹೆಚ್ಚಿಗಿ ಏನ ತೂಗೂದಿಲ್ಲ. ಹಿಂದ ಕುಂದರಸ್ರಿ. ಮೇಟಿ ಸುತ್ತ ಹಗೂರಕ ಒಂದು ಸುತ್ತ ಹಾಕ್ರಿ. ಚೀಲ ಬೀಳಲಿಲ್ಲಂದ್ರ ನಾಳೆ ನಾನ ಅತ್ತೀನ್ನ ನಿಮ್ಮ ಹಿಂದ ಕುಂದರಸತೇನಿ. ಬಾಯಿ ತಗಿಯೂದಿಲ್ಲ."

ಮೇಟಿ ಎಂದರೆ ಕಣದ ನಡುವಿನ ಕಂಬ. ಅದರ ಸುತ್ತ ಎತ್ತು ತಿರುಗಿಸಿ ತೆನೆ ತುಳಿಸುತ್ತಾರೆ.

"ಮೇಟಿ ಸುತ್ತ ಯಾರ ಮೋಟಾರ್‌ಸೈಕಲ್ ಹೊಡೀತಾರ?"

"ಹನಮಪ್ಪನ ಗುಡಿ ಮೂಲಿ ಇದಕ್ಕಿಂತ ಇಕ್ಕಟ್ಟ ಐತಿ. ನಿಮಗ ಗೊತ್ತಿರಬೇಕಲ್ಲ, ಅಲ್ಲೇ ಅಲ್ಲ ನೀವು ದಿನಾ ಅಡ್ಡ ಬೀಳೂದು?"

ವೆಂಕಣ್ಣ ನಗು ತಡೆದುಕೊಂಡ. "ಅಕ್ಕಾರು ಹೇಳಿದ್ದು ಸರಿ ಅದ. ಆದ್ರ ಮೊದಲು ನನ್ನ ಗಾಡಿ ಹೊಡಿ. ಹೊಡಿಯಾಂವ ಒಬ್ಬನ, ಚೀಲ ಒಂದ, ಮೇಟಿ ಒಂದ. ಗಾಡಿ ಅಷ್ಟ ಬ್ಯಾರೆ. ನಿನ್ನ ಕೈ ಕೆಟ್ಟದೋ, ಗಾಡಿ ಕೆಟ್ಟದೋ ಅಂತ ಕೇಳಿದ್ಯಲ್ಲ, ಈಗ ಗೊತ್ತಾಗತದ."

ಚೀಲವನ್ನು ವೆಂಕಣ್ಣನ ಗಾಡಿಯ ಹಿಂದಿನ ಸೀಟಿನ ಮೇಲೆ ನಿಲ್ಲಿಸಿದರು. ಸಾವಿತ್ರೆವ್ವ ಒಳಗೆ ಹೋಗಿ ಗುರವ್ವನ ಕೌದಿ ತಂದು ಅದಕ್ಕೆ ಹೊದಿಸಿದಳು. "ಅತ್ತಿ ನಿಮ್ಮ ನಡಾ ಹಿಡಕೊಂಡ ಕುಂದ್ರತಾರ" ಎಂದು ಚೀಲಕ್ಕೂ ಗಂಡನ ನಡುವಿಗೂ ಒಂದು ಹಗ್ಗ ಸುತ್ತಿದಳು. ಗಾಡಿಯ ಸದ್ದು ಕೇಳಿ ಶಂಭುಲಿಂಗಪ್ಪ ಕಾಕಾನೂ ಕಣದ ಅಂಚಿಗೆ ಬಂದು ನಿಂತ.

"ಏನ ನಡದೈತಿ ಇಲ್ಲೆ? ಜ್ವಾಳದ ಚೀಲದ ದಿಬ್ಬಣ ಹೊಂಟೈತೇನು?"

ಮಡಿವಾಳೆಪ್ಪ ವೆಂಕಣ್ಣನ ಗಾಡಿಯಲ್ಲಿ ಮೇಟಿಯ ಸುತ್ತ ಹೊರಟ. ನಡೆಯುವ ಎತ್ತಿನಷ್ಟೇ ಮೆಲ್ಲಗೆ. ಗಾಡಿ ತುಸು ವಾಲಿತು, ತಿರುಗಿತು, ಹೊರಟಲ್ಲಿಗೇ ಬಂದು ನಿಂತಿತು. ಅವನು ನಂಬದೆ ಮತ್ತೊಂದು ಸುತ್ತು ಹಾಕಿದ. ಚೀಲ ಕೌದಿ ಹೊದ್ದು ಮುದುಕಿಯಂತೆ ನೆಟ್ಟಗೆ ಕುಳಿತೇ ಇತ್ತು. ಮಡಿವಾಳೆಪ್ಪ ತನ್ನ ಎರಡೂ ಕೈ ನೋಡಿಕೊಂಡ. ಕೈಗೆ ಏನೂ ಆಗಿರಲಿಲ್ಲ.

ಆಮೇಲೆ ಚೀಲವನ್ನು ಅವನ ಗಾಡಿಗೆ ಏರಿಸಿದರು.

ಹಲ್ಲು ಕಚ್ಚಿ ಹೊರಟ. ಕಾಲು ಸುತ್ತು ಆಯಿತು. ಹ್ಯಾಂಡಲ್ಲು ಒಳಗೆ ಎಳೆಯತೊಡಗಿತು. ಅವನು ಹೊರಗೆ ಎಳೆದು ಹಿಡಿದ. ರಟ್ಟೆಯ ನರ ಉಬ್ಬಿದವು. ತಪ್ಪಿಸಿಕೊಳ್ಳುವ ಹೋರಿಯ ಮೂಗುದಾಣ ಹಿಡಿದ ಹಾಗಿತ್ತು. ಅರ್ಧ ಸುತ್ತಿಗೆ ಬಂದಾಗ ಇನ್ನೊಂದಿಷ್ಟು ತಿರುಗಿಸಲೇಬೇಕಾಯಿತು. ತಿರುಗಿಸಿದ. ಹ್ಯಾಂಡಲ್ಲು ಅವನ ಕೈಯ ಮಾತು ಮೀರಿ ಕಡೆಯವರೆಗೂ ಬಿತ್ತು. ದೀಪ ತಗ್ಗಿತು. ಅವನ ಕಾಲು ನೆಲ ಹುಡುಕುವಷ್ಟರಲ್ಲಿ ಗಾಡಿ ಒಳಮಗ್ಗುಲಿಗೆ ಮಲಗಿತು.

ಚೀಲದ ಬಾಯಿ ಕಟ್ಟಿದ್ದ ತುದಿಯೇ ಮೊದಲು ಹೋಗಿ ಮೇಟಿಗೆ ಬಡಿಯಿತು. ಕಟ್ಟು ಬಿಚ್ಚಿ ಜೋಳ ಕೌದಿಯ ಮೇಲೆಲ್ಲ ಚೆಲ್ಲಿತು.

ಶಂಭುಲಿಂಗಪ್ಪ ಕಾಕಾ ಕೂಡ ನಗಲಿಲ್ಲ. ಸಾವಿತ್ರೆವ್ವ ಸೆರಗು ಬಾಯಿಗೆ ಹಿಡಿದು ನಿಂತಳು. ಮಡಿವಾಳೆಪ್ಪ ನಡುವಿನ ಹಗ್ಗ ಕಳಚಿ ಎದ್ದು, ಗಾಡಿಯನ್ನು ಬಿದ್ದಲ್ಲೇ ಬಿಟ್ಟು, ಕೌದಿಯ ಬಳಿ ಕುಳಿತ. ಮೇಟಿಗೆ ತಾಗಿದ ಜಾಗವನ್ನು ಕೈಯಿಂದ ಸವರಿದ.

"ಅವ್ವನ ತಲಿ ಇಲ್ಲೇ ಇರತಿತ್ತು" ಎಂದ.

ವೆಂಕಣ್ಣ ಅವನ ಪಕ್ಕ ಕುಳಿತು ಕೇಳಿದ: "ಅಲ್ಲೋ, ಮೊದಲಿಗೆ ಯಾಕ ಕೊಯ್ಸಿದಿ ಇದರ ಕೊರಳಾ?"

"ಮಡ್‌ಗಾರ್ಡಿನ್ಯಾಗ ಎರಿ ತುಂಬತಿತ್ತು."

"ಮಡ್‌ಗಾರ್ಡ್ ನಾಕು ಬೆರಳ ಮ್ಯಾಲೆ ಏರಿಸಿದ್ರ ಆಗತಿತ್ತಲ್ಲೋ! ಇಲ್ಲಂದ್ರ ಮಳಿಗಾಲದಾಗ ಬಿಚ್ಚಿ ಮನ್ಯಾಗ ಇಟ್ರ ಆಗತಿತ್ತು. ನನ್ನ ಗಾಡಿ ನೋಡಿಲ್ಲೇನು?"

ಮಡಿವಾಳೆಪ್ಪ ನೋಡಿದ. ವೆಂಕಣ್ಣನ ಗಾಡಿಯ ಮಡ್‌ಗಾರ್ಡು ಗಾಲಿಯಿಂದ ಮೇಲಕ್ಕೆ, ಎರಡು ಸಣ್ಣ ಪಟ್ಟಿಗಳ ಮೇಲೆ ನಿಂತಿತ್ತು. ಇಷ್ಟು ದಿನ ಅದು ಅವನ ಕಣ್ಣಿಗೆ ಬಿದ್ದಿರಲೇ ಇಲ್ಲ. ಪೊರೆ ತನ್ನ ಕಣ್ಣಿಗೂ ಬಂದಿತ್ತೇನೋ ಎನಿಸಿ ನಾಚಿಕೆಯಾಯಿತು.

ಮರುದಿನ ಗುರವ್ವ ಕುಂದಗೋಳದಿಂದ ಸಂಶಿಯವರೆಗೆ ಬಸ್ಸಿನಲ್ಲಿ ಬಂದಳು. ವೆಂಕಣ್ಣ ಕಂಡಕ್ಟರನಿಗೆ ಹೇಳಿ ಮುಂದಿನ ಸೀಟು ಹಿಡಿಸಿದ್ದ; ಸಾವಿತ್ರೆವ್ವ ಅತ್ತೆಯ ತಲೆಯನ್ನು ತನ್ನ ಭುಜಕ್ಕೆ ಒತ್ತಿ ಹಿಡಿದು ಕುಳಿತಿದ್ದಳು. ಸಂಶಿಯಲ್ಲಿ ಚಕ್ಕಡಿ ಕಾದಿತ್ತು. ಅದರಲ್ಲಿ ಮೊಣಕಾಲೆತ್ತರ ಜೋಳದ ದಂಟಿನ ಕಣಕಿಯ ಮೆತ್ತೆ, ಅದರ ಮೇಲೆ ಗೋಣಿ, ಅದರ ಮೇಲೆ ಜಾಡಿಸಿದ ಅದೇ ಕೌದಿ. ಮಡಿವಾಳೆಪ್ಪ ಚಕ್ಕಡಿ ಏರಲಿಲ್ಲ. ಎತ್ತುಗಳ ಮುಂದೆ ಹಗ್ಗ ಹಿಡಿದು, ತಗ್ಗು ಬಂದಲ್ಲಿ ನಿಲ್ಲಿಸಿ, ಮತ್ತೆ ನಡೆಸಿ, ಊರವರೆಗೂ ನಡೆದೇ ಬಂದ.

"ಯಾಕೋ ಮಡಿವಾಳಾ, ನಿನ್ನ ಫಟಫಟಿ ಎಲ್ಲಿ?" ಎಂದು ಪಟ್ಟಿಯ ಕೆಳಗಿನಿಂದ ಗುರವ್ವ ಕೇಳಿದಳು.

"ಅದಕ್ಕೂ ಆಪರೇಷನ್ ಐತಿ ಬೇ" ಎಂದ ಮಗ.

ಗಾಡಿ ಲಾರಿ ಏರಿ ಹುಬ್ಬಳ್ಳಿಯ ಗ್ಯಾರೇಜಿಗೆ ಹೋಯಿತು. ವೆಂಕಣ್ಣನ ಅಣ್ಣ ಕೊಯ್ದ ಕೊರಳನ್ನು ಮತ್ತೆ ಕೊಯ್ದು ಬೆಸೆಯಲು ಒಪ್ಪಲಿಲ್ಲ. ಒಮ್ಮೆ ಕೊಯ್ದ ಕಬ್ಬಿಣ ಯಾವಾಗ ಕೈ ಕೊಡುತ್ತದೆಯೋ ಹೇಳಲು ಬರುವುದಿಲ್ಲ ಎಂದು, ಚೌಕಟ್ಟನ್ನೇ ಬದಲಿಸಿ, ಮುಂದಿನ ಕಾಲುಗಳಿಗೂ ಕಂಪನಿಯ ಅಳತೆಯ ಪೈಪನ್ನೇ ಹಾಕಿಕೊಟ್ಟ. ಹನಮಂತಪ್ಪನೂ ಜೊತೆಗೆ ಹೋಗಿ ನಿಂತು ಎಲ್ಲವನ್ನೂ ನೋಡಿದ. ಮುಖ ಸಣ್ಣದು ಮಾಡಿಕೊಳ್ಳಲಿಲ್ಲ, ಸಿಟ್ಟಾಗಲೂ ಇಲ್ಲ. ಓರೆಯಾದ ಆ ಹಳೆಯ ಕೊರಳನ್ನು ತಂದು ತನ್ನ ಕುಲುಮೆಯ ಬಾಗಿಲಿಗೆ ತೂಗುಹಾಕಿದ. ಗಾಡಿಯ ಮೂತಿ ಚಾಚಿಸಿಕೊಡು ಎಂದು ಯಾರಾದರೂ ಬಂದರೆ, "ಮೊದಲ ಯರಗುಪ್ಪಿಗೆ ಹೋಗಿ ಮೇಟಿ ಸುತ್ತಿ ಬರ್ರಿ" ಎನ್ನುತ್ತಾನೆ. ಮಡ್‌ಗಾರ್ಡು ಎತ್ತರಿಸುವ ಪಟ್ಟಿ ಮಾತ್ರ ಈಗ ಅವನೇ ಮಾಡಿಕೊಡುತ್ತಾನೆ.

ಮುಂಗಾರು ಬರುವ ಹೊತ್ತಿಗೆ ಗುರವ್ವನಿಗೆ ದಪ್ಪ ಗಾಜಿನ ಕನ್ನಡಕ ಬಂದಿತು. ಹಾಕಿಕೊಂಡ ದಿನ ಮನೆಯ ಒಂದೊಂದು ಸಾಮಾನನ್ನೂ ಮುಟ್ಟಿ ಮುಟ್ಟಿ ನೋಡಿದಳು. ಸೊಸೆಯ ಮುಖ ನೋಡಿ, "ಎಷ್ಟ ಸೊರಗೀಯವ್ವಾ" ಎಂದಳು. ಹೊರಗೆ ಬಂದು ಮೋಟಾರ್‌ಸೈಕಲ್ಲು ನೋಡಿದಳು. ಅದು ಮನೆಗೆ ಬಂದ ಮೇಲೆ ಅವಳು ಅದನ್ನು ಕಣ್ಣಾರೆ ಕಂಡದ್ದು ಅದೇ ಮೊದಲು.

"ಇದನ? ಇದರ ಮೂತಿ ಭಾಳ ಉದ್ದ ಐತಿ ಅಂತ ಓಣ್ಯಾಗೆಲ್ಲಾ ಅಂತಿದ್ರು. ಚಂದನ ಐತಲ್ಲ!"

"ಕುಂದ್ರು ಬೇ, ಒಂದು ಸುತ್ತ ಹಾಕೂಣು."

ಅವಳು ಮಗನ ನಡು ಹಿಡಿದು ಕುಳಿತಳು. ಸಾವಿತ್ರೆವ್ವ ಈ ಸಲ 'ಬ್ಯಾಡ' ಎನ್ನಲಿಲ್ಲ. ಹನಮಪ್ಪನ ಗುಡಿಯ ಮೂಲೆ ಬಂದಿತು. ಮಡಿವಾಳೆಪ್ಪ ಮೆಲ್ಲಗೆ, ಬಹಳ ಮೆಲ್ಲಗೆ ತಿರುಗಿಸಿದ. ಗಾಡಿ ತಿರುಗಿತು. ಕಟ್ಟೆಯ ಮೇಲಿನ ಶಂಭುಲಿಂಗಪ್ಪ ಕಾಕಾ ಅಭ್ಯಾಸದಿಂದ ಎದ್ದು ನಿಂತಿದ್ದವನು, ಎತ್ತಲು ಏನೂ ಬೀಳದ್ದರಿಂದ, ಮತ್ತೆ ಕುಳಿತ.

"ಇಷ್ಟ ಹಗೂರಕ ಹೊಂಟ್ರ ಸಂಶಿ ಮುಟ್ಟೂದು ಯಾವಾಗೋ?" ಎಂದಳು ಗುರವ್ವ ಹಿಂದಿನಿಂದ.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಮೋಟಾರ್‌ಸೈಕಲ್ಲು ಇರಬಹುದು, ಇಲ್ಲದಿದ್ದರೆ ನಾಳೆ ಬರಬಹುದು. ಅದರ ಕೊರಳನ್ನು ಚಂದಕ್ಕೂ ಕೊಯ್ಸಬೇಡಿ, ಎರೆಗೂ ಕೊಯ್ಸಬೇಡಿ. ನೆಟ್ಟನೆಯ ರಸ್ತೆಯಲ್ಲಿ ಚಲೋ ಹೋಯಿತು ಎಂದು ಮರುಳಾಗಬೇಡಿ; ನಿಮ್ಮ ಮನೆ ಇರುವುದು ಓಣಿಯಲ್ಲಿ. ಮಣ್ಣು ಕಟ್ಟಿದರೆ ಮಡ್‌ಗಾರ್ಡು ಎತ್ತರಿಸಿ. ಬಿದ್ದು ಏನಾದರೂ ಬಗ್ಗಿದರೆ ತಿಳಿದವರ ಗ್ಯಾರೇಜಿಗೆ ಒಯ್ಯಿರಿ. ಗಾಡಿ ಮೊದಲಿನ ಹಾಗಿಲ್ಲ ಎಂದು ಅನುಮಾನ ಬಂದರೆ ನಿಂಬೆಹಣ್ಣು ಕಟ್ಟಬೇಡಿ, ನಿಮ್ಮ ಕೈಯನ್ನೂ ಬೈದುಕೊಳ್ಳಬೇಡಿ. ನಿಂತಲ್ಲೇ ಹ್ಯಾಂಡಲ್ಲು ತುಸು ತಿರುಗಿಸಿ ಬಿಟ್ಟು ನೋಡಿ. ಧಡ್ಡನೆ ಕಡೆಯವರೆಗೂ ಬಿದ್ದರೆ ಆ ಗಾಡಿ ಹತ್ತಬೇಡಿ. ಅಷ್ಟಾದರೂ ಮನಸ್ಸು ಒಪ್ಪದಿದ್ದರೆ ಕಣಕ್ಕೆ ನಡೆಯಿರಿ, ಮೇಟಿ ಸುತ್ತಿ. ಆದರೆ ಹಿಂದಿನ ಸೀಟಿನಲ್ಲಿ ಮೊದಲು ಜೋಳದ ಚೀಲ ಕೂರಲಿ. ಚೆಲ್ಲಿದ ಜೋಳವನ್ನು ಬಳಿದು ತುಂಬಬಹುದು.